ಹಿಮ್ಮಡಿ ಸವೆದ ಮೆಟ್ಟು

"ಈ ಹಿಮ್ಮಡಿ ಯಾಕೆ ಹೀಗೆ ಸವೀತು?"

ಮಾವ ಕೇಳಿದ್ದು ಯಾರನ್ನೂ ಅಲ್ಲ. ವರಸೆಮನೆಯ ಹೊಸಿಲ ಮೇಲೆ ಕೂತು, ತೊಡೆಯ ಮೇಲೆ ಒಂದು ಜೊತೆ ಕಪ್ಪು ಬಟ್ಟೆಯ ಮೆಟ್ಟುಗಳನ್ನು ಮಗುಚಿಟ್ಟುಕೊಂಡು, ಅಟ್ಟೆಯ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಎಳೆಯುತ್ತ, ಆ ಮಾತನ್ನು ಬೀದಿಯ ಗಾಳಿಗೆ ಬಿಟ್ಟಿದ್ದರು. ಒಳಗೆ ನೆಲ ಗುಡಿಸುತ್ತಿದ್ದ ದೊಡ್ಡವಳ ಕೈಯಲ್ಲಿ ಪೊರಕೆ ನಿಂತಿತು. ಮೆಟ್ಟಿನ ಒಳಅಂಚಿನಲ್ಲಿ ಹಸಿರು ದಾರ ಕಾಣುತ್ತಿತ್ತು. ಒಬ್ಬೊಬ್ಬರ ಮೆಟ್ಟಿಗೂ ಒಂದೊಂದು ಬಣ್ಣದ ದಾರ; ಹಸಿರು ಅವಳದು.

ಉತ್ತರ ಕೊಡಬಾರದೆಂದು ಅವಳಿಗೆ ಗೊತ್ತಿತ್ತು. ಮಾವ ಅಟ್ಟೆ ಓದುವಾಗ ಆ ಮೆಟ್ಟು ತೊಟ್ಟವರು ಬಾಯಿ ಹಾಕಬಾರದು; ಅದು ಆ ಮನೆಯ ಕಟ್ಟಳೆ. ಬಾಯಿ ಸುಳ್ಳಾಡುತ್ತದೆ, ಮುಖ ಸುಳ್ಳಾಡುತ್ತದೆ, ಗಾಳಿಗೆ ಗುದ್ದುವ ಕೈಯಂತೂ ಹುಟ್ಟಾ ಸುಳ್ಳುಗಾರ, ಅಟ್ಟೆ ಒಂದೇ ಸತ್ಯವಂತ ಎಂದು ಮಾವ ಅವಳಿಗೆ ಹೇಳಿಕೊಟ್ಟದ್ದು ಅವಳಿನ್ನೂ ಹಲ್ಲು ಬೀಳುವ ವಯಸ್ಸಿನಲ್ಲಿದ್ದಾಗ. ಅಂದಿನಿಂದ ಅದನ್ನು ಅವಳು, ಕೆಲವರು ಬೆಳಗಿನ ಪ್ರಾರ್ಥನೆಯನ್ನು ನಂಬುವ ಹಾಗೆ, ಏಕೆ ಎಂದು ಕೇಳದೆ ನಂಬಿದ್ದಳು.

ಮಾವ ಎಂದರೆ ಅವಳ ತಾಯಿಯ ಅಣ್ಣ. ಹಿಂದೆ ಹತ್ತಿಯ ಉಗ್ರಾಣವಾಗಿದ್ದ ಆ ಉದ್ದನೆಯ ಕಟ್ಟಡದಲ್ಲಿ ಒಂದು ಆಯುಷ್ಯವೆಲ್ಲ ಬರಿಗೈ ಹೊಡೆದಾಟದ ವರಸೆ ಕಲಿಸಿದವರು. ಅಲ್ಲಿಗೆ ಬರುವವರ ಕಾಲಿಗೆ ಮೆಟ್ಟು ಹೊಲಿಯುತ್ತಿದ್ದವಳು ಅಮ್ಮ. ದೊಡ್ಡವಳು ಕೆಲಸ ಮಾಡುವ ಲಾಂಡ್ರಿಯಲ್ಲಿ ಹರಿದು ಮೂಲೆ ಸೇರುವ ಹೋಟೆಲಿನ ಹಾಸುಬಟ್ಟೆಗಳನ್ನು ಕೇಳಿ ತಂದು, ಪದರದ ಮೇಲೆ ಪದರ ಅಂಟು ಸವರಿ, ಹಲಗೆಯ ಮೇಲೆ ಬಿಸಿಲಿಗೆ ಒಣಗಿಸಿ, ಅಳತೆಗೆ ಕತ್ತರಿಸಿ, ಮೇಣ ಹಚ್ಚಿದ ದಾರದಿಂದ ದಬ್ಬಣದಲ್ಲಿ ಒತ್ತೊತ್ತಾಗಿ ಹೊಲಿದರೆ ಅದೇ ಅಟ್ಟೆ. ಹಿಮ್ಮಡಿಗೆ ಎತ್ತರವಿಲ್ಲ, ಒಳಗೆ ಮೆತ್ತೆಯಿಲ್ಲ, ಎಡ ಬಲವೆಂಬ ಭೇದವೂ ಇಲ್ಲ. ಕಾಲ ಕೆಳಗೆ ಒಂದು ಕಡ್ಡಿ ಬಿದ್ದಿದ್ದರೂ ತಿಳಿಯಬೇಕು. ನೆಲ ಮಾತಾಡುತ್ತದೆ, ಕೇಳುವುದು ಬಿಟ್ಟು ಅದರ ಬಾಯಿಗೆ ದಿಂಬು ತುರುಕುತ್ತಾರೆ ಜನ ಎನ್ನುವುದು ಮಾವನ ವಾಡಿಕೆಯ ಮಾತು.

ಹೊಸ ಮೆಟ್ಟುಗಳನ್ನು ಎಲ್ಲರಿಗೂ ಒಂದೇ ದಿನ ಕೊಡುವುದು, ವರಸೆಮನೆಯೊಳಗೆ ಮಾತ್ರ ಹಾಕುವುದು, ಮಳೆಗಾಲ ಕಳೆದ ಮೇಲೆ ಮಾವ ಅವನ್ನು ಮಗುಚಿ ಓದುವುದು. ಕಾಳಿನಂತೆ ಎದ್ದು ನಿಂತ ಹೊಲಿಗೆ ಎಲ್ಲಿ ಚಪ್ಪಟೆಯಾಗಿದೆಯೋ ಅಲ್ಲಿ ಆ ಮನುಷ್ಯನ ಭಾರ ಬಿದ್ದಿದೆ. ಹೆಬ್ಬೆರಳ ಬುಡ ಸವೆದಿದ್ದರೆ ನಿಲುವು ಗಟ್ಟಿ. ಹೊರಅಂಚು ಸವೆದಿದ್ದರೆ ಮನುಷ್ಯ ತನ್ನನ್ನು ತಾನೇ ನೋಡಿಕೊಳ್ಳುತ್ತ ನಿಂತಿದ್ದಾನೆ. ಹಿಮ್ಮಡಿ ಸವೆದಿದ್ದರೆ, ಅವನ ಕಾಲು ನಿಂತಿದೆ, ಮನಸ್ಸು ಆಗಲೇ ಕೂತಿದೆ.

ಈ ಸಲದ ಓದು ಬೇರೆ ಸಲದಂಥದಲ್ಲ. ಮಾವನ ಮಂಡಿ ಕೈಕೊಟ್ಟಿತ್ತು. ಕುರ್ಚಿಯಿಂದ ಎದ್ದು ಸಾಲಿನ ಮುಂದೆ ನಿಂತು ತೋರಿಸುವುದು ಇನ್ನು ಆಗದು, ಅಟ್ಟೆ ಯಾರನ್ನು ತೋರಿಸುತ್ತದೋ ಅವರು ನನ್ನ ಜಾಗದಲ್ಲಿ ನಿಲ್ಲಲಿ ಎಂದು ಮಳೆಗೆ ಮೊದಲೇ ಹೇಳಿದ್ದರು. ಯಾರು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವವಳು ದೊಡ್ಡವಳು, ಸಂಜೆ ನೆಲ ಒರೆಸುವವಳು ದೊಡ್ಡವಳು, ಹೊಸಬರ ಕಾಲು ಹಿಡಿದು ಸರಿ ಜಾಗಕ್ಕೆ ಸರಿಸುವವಳೂ ಅವಳೇ. ಬಾಯಿ ಬಿಟ್ಟು ಕೇಳಿದವಳಲ್ಲ. ಆದರೆ ಜೀವಮಾನದಲ್ಲಿ ಅವಳು ತನಗೆಂದು ಬಯಸಿದ್ದು ಆ ನೆಲದ ಮುಂದಿನ ತುಂಡು ಜಾಗ ಒಂದೇ.

ಅದನ್ನು ಮಾವ ಗಡಿಯಾರದವನಿಗೆ ಕೊಟ್ಟರು.

ಅವಳ ಜೊತೆಗೇ ವರಸೆ ಕಲಿಯುತ್ತಿದ್ದ, ಗಡಿಯಾರ ರಿಪೇರಿಯ ಆ ಮಿತಭಾಷಿ ಮನುಷ್ಯ, ತನ್ನ ಹೆಸರು ಕೇಳಿದಾಗ ಯಾರೋ ತನಗೆ ಬೈದರೆಂಬಂತೆ ತಲೆ ತಗ್ಗಿಸಿದ. ಮಾವ ಎಲ್ಲರ ಎದುರಿಗೆ ಹಸಿರು ದಾರದ ಜೊತೆಯನ್ನು ಎತ್ತಿ ಹಿಡಿದು ತೋರಿಸಲಿಲ್ಲ; ಅಷ್ಟು ದಯೆ ಅವರಿಗಿತ್ತು. ಅವಳ ಕೈಗೆ ಅದನ್ನು ಮರಳಿಸುವಾಗ ಮಾತ್ರ ತಗ್ಗಿದ ದನಿಯಲ್ಲಿ, "ದಣಿದಿದ್ದೀಯ ಮಗಳೇ. ಹೇಳಬಾರದಿತ್ತಾ?" ಎಂದರು. ಅವಳು ಅಟ್ಟೆಯನ್ನು ತಾನೂ ಮುಟ್ಟಿ ನೋಡಿದಳು. ಹಿಮ್ಮಡಿಯ ಹೊಲಿಗೆ ಎಲ್ಲ ಚಪ್ಪಟೆಯಾಗಿ, ನುಣ್ಣಗೆ, ನದಿಯ ಕಲ್ಲಿನ ಹಾಗಿತ್ತು. ಸಂದೇಹಕ್ಕೆ ಎಡೆಯೇ ಇಲ್ಲ. ಮುಖವೆಲ್ಲ ಬಿಸಿಯಾಗಿ, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಅವಳು ಹಿಂದಿನ ಸಾಲಿಗೆ ಹೋಗಿ ನಿಂತಳು.

ಮನೆಯಲ್ಲಿ ಅಮ್ಮ ದಬ್ಬಣವನ್ನು ಸೆರಗಿಗೆ ಚುಚ್ಚಿಕೊಂಡು ಎಲ್ಲ ಕೇಳಿದಳು. ತನ್ನ ಅಣ್ಣನ ಹೆಬ್ಬೆರಳಿಗೂ ಅರಳುಮರಳು ಶುರುವಾಗಿದೆ ಎಂದಳು. ಹಾಗೆನ್ನಬೇಡ, ಸವೆದದ್ದು ನಾನೇ ಮುಟ್ಟಿ ನೋಡಿದೆ ಎಂದು ದೊಡ್ಡವಳೇ ಮಾವನ ಪರ ವಹಿಸಿದಳು. ತಟ್ಟೆಯ ಮುಂದೆ ಕೂತು ಉಗುರಿನ ಬಣ್ಣ ಕೆರೆಯುತ್ತಿದ್ದ ಚಿಕ್ಕವಳು ಮಾತ್ರ ತಲೆ ಎತ್ತದೆ ಹೇಳಿದಳು:

"ಅಟ್ಟೆ ಒಂದು ನೆಪ ಕಣೇ ಅಕ್ಕ. ಮಾವನಿಗೆ ಮುಂದೆ ನಿಲ್ಲೋಕೆ ಗಂಡಸು ಬೇಕಿತ್ತು. ಸವೆದಿಲ್ಲ ಅಂದಿದ್ರೆ, ಸವೆದೇ ಇಲ್ಲ, ಕಲಿತೇ ಇಲ್ಲ ಅಂತಿದ್ರು."

ಅಮ್ಮ ನಕ್ಕಳು. ದೊಡ್ಡವಳಿಗೆ ನಗು ಬರಲಿಲ್ಲ. ಮಾವನ ಬಗ್ಗೆ ಹಗುರಾಗಿ ಆಡುವುದು ಅವಳಿಗೆ ದೇವರ ಮುಂದೆ ಕಾಲು ಚಾಚಿ ಕೂತಂತೆ.

ಚಿಕ್ಕವಳಿಗೆ ವರಸೆಮನೆ ಎಂದರೆ ಎಳೆತನದಿಂದಲೂ ಅಷ್ಟಕ್ಕಷ್ಟೆ. ಅವಳು ಪೇಟೆಯ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಗೊಂಬೆಗಳಿಗೆ ಉಡುಪು ತೊಡಿಸುವವಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಜಗಳವಾಡಬಲ್ಲಳು. ಈಚೆಗೆ ಪೇಟೆಯಲ್ಲಿ ಆ ಮೆಟ್ಟುಗಳದೇ ಹುಚ್ಚು ಎಂಬ ಸುದ್ದಿಯನ್ನು ಮನೆಗೆ ತಂದವಳೂ ಅವಳೇ. ಬ್ಯಾಂಕಿನ ಗುಮಾಸ್ತರು, ಕಾಲೇಜಿನ ಹುಡುಗಿಯರು, ಬಸ್ಸಿನಲ್ಲಿ ಜೋತುಬಿದ್ದು ನಿಂತವರು, ಯಾರ ಕಾಲು ನೋಡಿದರೂ ಚಪ್ಪಟೆ ಅಟ್ಟೆಯ ಕಪ್ಪು ಶೂ. ಹೊಲಿಗೆಯೆಂದು ಕಾಣುವುದು ಅಚ್ಚೊತ್ತಿದ ರಬ್ಬರು, ಬೆಲೆ ಮಾತ್ರ ಆಕಾಶಕ್ಕೆ. ಅಮ್ಮ ಒಂದು ದಿನ ಬಸ್ ನಿಲ್ದಾಣದಲ್ಲಿ ಕಣ್ಣಾರೆ ಕಂಡು ಬಂದು, ಹೊಡೆದಾಡೋಕೆ ಬಾರದವರೆಲ್ಲ ಹೊಡೆದಾಡೋ ಮೆಟ್ಟು ಹಾಕ್ಕೊಂಡಿದ್ದಾರೆ, ಜಗಳ ಬಂದರೆ ಸದ್ದಾಗದ ಹಾಗೆ ಓಡಿಹೋಗಲು ಇರಬೇಕು ಎಂದಿದ್ದಳು.

ಮಾವ ಅಟ್ಟೆ ಓದಿದ ದಿನದಿಂದ ದೊಡ್ಡವಳು ತನ್ನ ಕಾಲನ್ನು ಕಾಯತೊಡಗಿದಳು. ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಆವಿ ಉಗುಳುವ ಉದ್ದನೆಯ ಉರುಳೆಗೆ ಇಬ್ಬರು ಎರಡು ತುದಿ ಹಿಡಿದು ಹಾಸುಬಟ್ಟೆ ಉಣಿಸಬೇಕು. ಒಬ್ಬರು ಒಂದು ಉಸಿರು ತಡವಾದರೂ ಬಟ್ಟೆ ಸೊಟ್ಟಗೆ ಹೋಗಿ ನೆರಿಗೆ ಬೀಳುತ್ತದೆ. ಅವಳ ಕಡೆಯ ಬಟ್ಟೆ ಸೊಟ್ಟಗೆ ಹೋಗತೊಡಗಿತು. ಕೈ ಬಟ್ಟೆಯಲ್ಲಿ, ಕಣ್ಣು ಪಾದದಲ್ಲಿ. ಹಿಮ್ಮಡಿ ನೆಲ ಮುಟ್ಟಿತೇ? ಭಾರ ಹಿಂದೆ ಬಂತೇ? ಕೋಣೆಯ ಮೇಲ್ವಿಚಾರಕಿಯನ್ನು ಅವಳ ಸಿಟ್ಟಿನ ದೆಸೆಯಿಂದ ಎಲ್ಲರೂ ಬಾಯ್ಲರಮ್ಮ ಎನ್ನುತ್ತಿದ್ದರು. ಬಾಯ್ಲರಮ್ಮ ಒಂದೆರಡು ದಿನ ನೋಡಿ, ಹತ್ತಿರ ಬಂದು ಕೇಳಿದಳು.

"ಏನೇ, ನೆಲ ಏನಾದ್ರೂ ಓಡಿಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರಾ? ಅದನ್ನೇ ಕಾವಲು ಕಾಯ್ತಾ ಇದ್ದೀಯಲ್ಲ."

ವರಸೆಮನೆಯಲ್ಲಿ ಇನ್ನೂ ಕಷ್ಟ. ಹಿಮ್ಮಡಿಗೆ ಭಾರ ಬಿಡಬಾರದೆಂದು ಅವಳು ಮೈಯನ್ನು ಎಷ್ಟು ಮುಂದಕ್ಕೆ ತಳ್ಳುತ್ತಿದ್ದಳೆಂದರೆ ಬೆರಳುಗಳು ನೆಲವನ್ನು ಉಗುರಿನಿಂದ ಹಿಡಿಯುತ್ತಿದ್ದವು, ಮೀನಖಂಡ ನಡುಗುತ್ತಿತ್ತು. ಒಂದು ಸಂಜೆ ಅರ್ಧ ತಿರುವಿನಲ್ಲಿ ಅವಳು ಮುಗ್ಗರಿಸಿದಳು. ಮುಂದೆ ನಿಂತಿದ್ದ ಗಡಿಯಾರದವನು ಎಣಿಕೆ ನಿಲ್ಲಿಸಿದ. ಕುರ್ಚಿಯಲ್ಲಿದ್ದ ಮಾವ ಮುಖ ಬೇರೆ ಕಡೆ ತಿರುಗಿಸಿದರು. ತಾವು ಓದಿದ್ದು ಸರಿಯೇ ಆಯಿತಲ್ಲ ಎಂಬ ನೋವು ಆ ತಿರುಗಿದ ಕುತ್ತಿಗೆಯಲ್ಲಿ ಅವಳಿಗೆ ಕಂಡಿತು. ಆ ರಾತ್ರಿ ಅವಳು ದೇವರ ಮುಂದೆ ಕೂತು ಏನನ್ನೂ ಬೇಡಲಿಲ್ಲ. ಯಾವ ಗಳಿಗೆಯಲ್ಲಿ ನನ್ನ ಮನಸ್ಸು ಕೂತಿತು, ಅಷ್ಟು ತಿಳಿಸು ಸಾಕು ಎಂದಳು.

ತಿಳಿಯಿತು, ವರಸೆಮನೆಗೆ ರಜೆಯಿರುವ ವಾರದ ಬಿಡುವಿನ ದಿನ.

ಉಗ್ರಾಣದ ನೆಲ ತಗ್ಗಿನದು, ತೇವ ಏರುತ್ತದೆ. ಬಟ್ಟೆಯ ಅಟ್ಟೆ ನೀರು ಕುಡಿದರೆ ಬೂಷ್ಟು ಹಿಡಿಯುತ್ತದೆಂದು ಬಿಡುವಿನ ಹಿಂದಿನ ಸಂಜೆ ಎಲ್ಲರೂ ತಂತಮ್ಮ ಮೆಟ್ಟನ್ನು ಒಣಗಿಸಲು ಮನೆಗೆ ಒಯ್ಯುತ್ತಿದ್ದರು. ಅಷ್ಟಕ್ಕೆ ಮಾವನ ಒಪ್ಪಿಗೆಯಿತ್ತು. ದೊಡ್ಡವಳು ತನ್ನದನ್ನು ಹಿತ್ತಲಿನ ಹಲಗೆಯ ಮೇಲಿಟ್ಟು ಬೆಳಗ್ಗೆ ಎದ್ದು ಲಾಂಡ್ರಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಆಗ ಮೆಟ್ಟು ಬೆಚ್ಚಗೆ ಅಲ್ಲೇ ಇರುತ್ತಿತ್ತು. ಆ ದಿನ ಬಾಯ್ಲರು ನಿಜವಾಗಿಯೂ ಕೆಟ್ಟು ಎಲ್ಲರಿಗೂ ಮಧ್ಯಾಹ್ನವೇ ಬಿಡುಗಡೆಯಾಯಿತು. ಮನೆಗೆ ಬಂದವಳ ಕೈಗೆ ಅಮ್ಮ ಒಂದು ಕನ್ನಡಕ ಕೊಟ್ಟಳು. ನಿನ್ನ ತಂಗಿ ಮಹಾರಾಣಿ ಇದನ್ನು ಬಿಟ್ಟು ಹೋಗಿದ್ದಾಳೆ, ಕಣ್ಣು ಕಾಣದೆ ಯಾರಾದರೂ ಗಿರಾಕಿಗೇ ಪಿನ್ನು ಚುಚ್ಚಿಯಾಳು, ಕೊಟ್ಟು ಬಾ ಎಂದಳು.

ಅಂಗಡಿಯ ಬೀದಿಗೆದುರಾದ ಗಾಜಿನೊಳಗೆ ಅಗಲವಾದ ಕಲ್ಲಿನ ನೆಲ, ಕನ್ನಡಿಯಂತೆ ತಿಕ್ಕಿದ್ದು. ತಲೆಯಿಲ್ಲದ ಗೊಂಬೆಗಳು ಸಡಿಲು ಪ್ಯಾಂಟು ತೊಟ್ಟು ನಿಂತಿದ್ದವು. ಎಲ್ಲವುಗಳ ಕಾಲಲ್ಲೂ ಅದೇ ಚಪ್ಪಟೆ ಕಪ್ಪು ಶೂ. ಎಷ್ಟು ನಿಂತರೂ ಸವೆಯದ ಅಟ್ಟೆಗಳು. ಅವುಗಳ ನಡುವೆ ಬೆನ್ನು ಹಾಕಿ ಓಡಾಡುತ್ತಿದ್ದ ಜೀವವನ್ನು ದೊಡ್ಡವಳು ಮುಖ ನೋಡದೆಯೇ ಗುರುತಿಸಿದಳು. ಕಾಲು ಎತ್ತಿಡೇ, ನೆಲ ನಿನಗೇನು ಸಾಲ ಕೊಡಬೇಕಾ, ಹಾಗೆ ಕೆರೀತೀಯಲ್ಲ ಎಂದು ಅಮ್ಮ ಬೈದೂ ಬೈದೂ ಸೋತ ನಡಿಗೆ ಅದು. ಹಿಮ್ಮಡಿ ಮೊದಲು, ಆಮೇಲೆ ಉಳಿದ ಕಾಲು. ಗಾಜಿನ ಈಚೆಗೆ ಸದ್ದು ಬರಲಿಲ್ಲ, ಆದರೂ ಆ ಸರ್ ಸರ್ ಎಂಬುದು ಅವಳ ಕಿವಿಯೊಳಗೇ ಕೇಳಿತು. ಚಿಕ್ಕವಳು ಒಂದು ಗೊಂಬೆಯ ತೋಳು ಸರಿಪಡಿಸಲು ತುದಿಗಾಲಲ್ಲಿ ನಿಂತಾಗ ಮೆಟ್ಟಿನ ಒಳಅಂಚಿನಲ್ಲಿ ಹಸಿರು ದಾರ ಕಂಡಿತು.

ಪದ್ಯ ಓದುವವರು ಒಂದು ಸಾಲಿನ ನಟ್ಟನಡುವೆ ಉಸಿರು ಹಿಡಿದು ನಿಲ್ಲುತ್ತಾರಲ್ಲ, ಮುಂದಿನ ಪದ ಏನೆಂದು ಕೇಳುವವರಿಗೆ ಗೊತ್ತಿದ್ದರೂ ಅದು ಬರುವ ತನಕ ಎದೆ ಬಿಗಿದಿರುತ್ತದಲ್ಲ, ಹಾಗೆ ಅವಳು ಬೀದಿಯಲ್ಲಿ ನಿಂತಳು. ಆಮೇಲೆ ಒಳಗೆ ಹೋಗಿ ಕನ್ನಡಕ ಚಾಚಿದಳು.

"ಎಷ್ಟು ದಿನದಿಂದ?" ಎಂದಳು.

ಚಿಕ್ಕವಳು ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗಿಯ ತೋಳಿಗೆ ಚುಚ್ಚಿಕೊಂಡಳು. ಬಿಡುವಿನ ದಿನ ಮಾತ್ರ, ಮಳೆ ಶುರುವಾದಾಗಿನಿಂದ. ಅಂಗಡಿಯವರು ತಾವು ಮಾರುವುದನ್ನೇ ಕೆಲಸದವರೂ ಹಾಕಬೇಕೆನ್ನುತ್ತಾರೆ, ಆ ರಬ್ಬರಿನದು ಕಾಲನ್ನು ಬೇಯಿಸಿಬಿಡುತ್ತದೆ. ಇದನ್ನು ನೋಡಿದ ಯಜಮಾನಿ ಅಸಲಿ ಎಂದರೆ ಇದು ಎಂದು ಹೊಗಳಿದಳು. ಬೀದಿಯಲ್ಲಿ ಒಂದು ಸಲವೂ ಹಾಕಿಲ್ಲ, ಚೀಲದಲ್ಲಿ ತಂದು ಇಲ್ಲೇ ಹಾಕಿ, ಬ್ರಷ್ಷಿನಿಂದ ತಿಕ್ಕಿ, ಅಕ್ಕ ಬರುವ ಮೊದಲೇ ಹಲಗೆಯ ಮೇಲೆ ಇಟ್ಟಿದ್ದೇನೆ. ಒಂದು ಚೂರು ಮಣ್ಣು ಹತ್ತಿದ್ದರೆ ಕೇಳು. ಹೀಗೆ ಹೇಳುತ್ತ ಹೇಳುತ್ತ ಅವಳು ಅಕ್ಕನ ಕಣ್ಣು ನೋಡಿದಳು. ಅಕ್ಕ ನೋಡುತ್ತಿದ್ದುದು ಮಣ್ಣನ್ನಲ್ಲ. ಚಿಕ್ಕವಳ ಮಾತು ನಡುವೆ ಕಡಿಯಿತು. ಅವಳು ಬಗ್ಗಿ ಒಂದು ಮೆಟ್ಟು ತೆಗೆದು ಮಗುಚಿದಳು, ಹಿಮ್ಮಡಿ ಮುಟ್ಟಿದಳು, ಮುಟ್ಟಿದ ಬೆರಳನ್ನು ಹಾಗೇ ಹಿಡಿದುಕೊಂಡಳು.

"ಅಕ್ಕ, ನಾನು ಅಂದ್ಕೊಂಡೆ... ಮಾವ ನೆಪ ಹೇಳ್ತಿದ್ದಾರೆ ಅಂತಾನೇ ಅಂದ್ಕೊಂಡೆ ಕಣೇ."

ದೊಡ್ಡವಳಿಗೆ ಸಿಟ್ಟು ಬರಬೇಕಾಗಿತ್ತು. ಅವಳೇ ಅದಕ್ಕೆ ಕಾದಳು, ಬರಲಿಲ್ಲ. ಮೊದಲು ಬಂದದ್ದು ಮೈಯೆಲ್ಲ ಹಗುರಾಗುವಂಥ ಒಂದು ನೆಮ್ಮದಿ: ನನ್ನ ಕಾಲು ಸರಿಯಿತ್ತು. ಆ ನೆಮ್ಮದಿ ಬೀದಿಯ ತಿರುವಿನ ತನಕ ಜೊತೆಗೆ ಬಂತು. ಅಲ್ಲಿಂದ ಮುಂದೆ ಬೇರೊಂದು ಯೋಚನೆ ಹೆಜ್ಜೆ ಹಾಕಿತು. ಮಳೆಗಾಲವೆಲ್ಲ ಆ ನೆಲದ ಮೇಲೆ ನಿಂತಿದ್ದಾಗ ನೆಲ ಅಂಗಾಲಿಗೆ ಏರಿ ಬಂದು ತನ್ನನ್ನು ಎತ್ತಿ ಹಿಡಿದದ್ದು ಅವಳಿಗೆ ಗೊತ್ತಿತ್ತು. ಅಷ್ಟು ಸ್ಪಷ್ಟವಾಗಿ ಅವಳು ಎಂದೂ ನಿಂತಿರಲಿಲ್ಲ. ಮಾವ ಒಂದು ಮಾತಾಡಿದ ಕೂಡಲೇ ಅದನ್ನೆಲ್ಲ ಸುಳ್ಳೆಂದು ಬಿಟ್ಟುಕೊಟ್ಟಳು. ತಂಗಿ ಮೆಟ್ಟನ್ನು ಮಾತ್ರ ಒಯ್ದಿದ್ದಳು. ಕಾಲನ್ನು ಒಪ್ಪಿಸಿದವಳು ತಾನೇ.

ಅಮ್ಮನಿಗೆ ವಿಷಯ ಹೇಳಿದ್ದು ಚಿಕ್ಕವಳೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದ ಹಾಗಾಯಿತಲ್ಲ ಎಂದು ಅಮ್ಮ ಹಣೆಗೆ ಕೈಯಿಟ್ಟಳು. ಬೈಯಲಿಲ್ಲ, ಅಮ್ಮ ಬೈಯದೆ ಇದ್ದದ್ದರಿಂದ ಚಿಕ್ಕವಳು ಊಟ ಬಿಟ್ಟಳು. ಮರುದಿನ ಬೆಳಗ್ಗೆ ಅಮ್ಮ ಅವಳ ಕೈ ಹಿಡಿದು ತನ್ನ ಅಣ್ಣನ ಬಳಿಗೆ ಕರೆದೊಯ್ದಳು. ದೊಡ್ಡವಳು ಹೋಗಲಿಲ್ಲ. ಅಲ್ಲಿ ನಡೆದದ್ದನ್ನು ಆಮೇಲೆ ಅಮ್ಮ ಹೇಳಿದಳು. ಮಾವ ಚಿಕ್ಕವಳಿಗೆ ಹಸಿರು ದಾರದ ಮೆಟ್ಟು ಹಾಕಿಸಿ, ವರಸೆಮನೆಯ ಈ ತುದಿಯಿಂದ ಆ ತುದಿಗೆ ನಡೆಸಿ, ಕಣ್ಣು ಮುಚ್ಚಿ ಆ ಸರ್ ಸರ್ ಸದ್ದನ್ನು ಕೇಳಿದರಂತೆ. ಸಾಕು ಎಂದರಂತೆ. ಆಮೇಲೆ ಅಮ್ಮನ ಕಡೆ ತಿರುಗಿ, ದೊಡ್ಡವಳ ಅಳತೆಗೆ ಇನ್ನೊಂದು ಜೊತೆ ಹೊಲಿಯಲು ಎಷ್ಟು ದಿನ ಬೇಕು ಎಂದು ಕೇಳಿದರಂತೆ.

ಅಮ್ಮ ಉಳಿದೆಲ್ಲ ಹೊಲಿಗೆ ಬದಿಗಿಟ್ಟು ಅದನ್ನು ಹೊಲಿದಳು. ಆ ದಿನಗಳಲ್ಲಿ ದೊಡ್ಡವಳು ವರಸೆಮನೆಗೆ ಎಂದಿನಂತೆ ಹೋದಳು, ಬಾಗಿಲು ತೆಗೆದಳು, ನೆಲ ಒರೆಸಿದಳು. ಹಿಂದಿನ ಸಾಲಿನಲ್ಲಿ ಬರಿಗಾಲಲ್ಲಿ ನಿಂತಳು. ಮೊದಮೊದಲು ತೇವದ ನೆಲ ಅಂಗಾಲನ್ನು ಕಚ್ಚುತ್ತಿತ್ತು. ಆಮೇಲಾಮೇಲೆ, ಬೇಕೆಂದು ತಳ್ಳದೆಯೇ, ಭಾರ ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು. ಇಸ್ತ್ರಿ ಕೋಣೆಯಲ್ಲಿ ಬಟ್ಟೆ ನೆಟ್ಟಗೆ ಉರುಳೆ ಸೇರಿತು. ನೆಲ ಸಿಕ್ಕಿತಾ ಎಂದು ಬಾಯ್ಲರಮ್ಮ ಕೇಳಿದ್ದಕ್ಕೆ ಅವಳು ನಕ್ಕಳು.

ಹೊಸ ಜೊತೆ ಸಿದ್ಧವಾದ ಸಂಜೆ ಎಲ್ಲರೂ ಹೋದ ಮೇಲೆ ಮಾವ ಅವಳನ್ನೂ ಗಡಿಯಾರದವನನ್ನೂ ನಿಲ್ಲಿಸಿಕೊಂಡರು. ಮೆಟ್ಟುಗಳನ್ನು ಮಂಡಿಯ ಮೇಲಿಟ್ಟುಕೊಂಡಿದ್ದರು. ಒಳಅಂಚಿನಲ್ಲಿ ಹಸಿರು ದಾರ ಹೊಳೆಯುತ್ತಿತ್ತು. ಗಡಿಯಾರದವನು ಅದುವರೆಗೆ ಯಾರೂ ಅವನ ಬಾಯಲ್ಲಿ ಕೇಳಿರದಷ್ಟು ಉದ್ದದ ಮಾತಾಡಿದ. ನನಗೆ ಈ ಜಾಗ ಬೇಡ, ಅಕ್ಕ ನಾಳೆಯೇ ಮುಂದೆ ನಿಲ್ಲಲಿ, ನಾನು ನನ್ನ ಹಳೆಯ ಮೂಲೆಗೆ ಹೋಗುತ್ತೇನೆ, ಮೊದಲ ದಿನದಿಂದ ನನ್ನ ಬೆನ್ನಿಗೆ ಅವರ ಕಣ್ಣು ತಾಗುತ್ತಿರುವಂತಿದೆ ಎಂದ. ಮಾವ ಕೈ ಎತ್ತಿದರು. ಹಾಗೆ ಕೊಡು ಕೊಳ್ಳು ಮಾಡುವ ಸಾಮಾನಲ್ಲ ಇದು, ಅಟ್ಟೆ ಹೇಳಬೇಕು ಎಂದರು.

"ಅಟ್ಟೆ ಸುಳ್ಳು ಹೇಳ್ಲಿಲ್ಲ ಮಗಳೇ. ಬೇರೆಯವರ ಕಥೆ ಹೇಳ್ತು, ನಾನು ನಿನ್ನದು ಅಂದ್ಕೊಂಡೆ. ಇದನ್ನ ಹಾಕ್ಕೋ. ಒಂದು ಮಳೆಗಾಲ. ಮನೆಗೆ ಒಯ್ಯೋದು ಬೇಡ, ನನ್ನ ಹತ್ರಾನೇ ಒಣಗಲಿ. ಆಮೇಲೆ ನಾನು ನೋಡ್ತೀನಿ, ಎಲ್ಲರ ಎದುರಿಗೆ ಹೇಳ್ತೀನಿ."

ಅವರ ದನಿಯಲ್ಲಿ ಅಧಿಕಾರವಿರಲಿಲ್ಲ. ಹಲಗೆಯ ಮೇಲೆ ಸಾಲಾಗಿ ಮಲಗಿದ ಉಳಿದ ಮೆಟ್ಟುಗಳನ್ನು ಒಮ್ಮೆ ನೋಡಿ, ದೊಡ್ಡವಳು ಅವರ ಕುರ್ಚಿಯ ಮುಂದೆ ಬಂದು ನೆಲದ ಮೇಲೆ ಕೂತಳು. ಕೇಳಲೋ ಬೇಡವೋ ಎಂಬಂತೆ ಕೇಳಿದಳು.

"ಮಳೆಗಾಲ ಪೂರ್ತಿ ನೀವು ಇದೇ ಕುರ್ಚೀಲಿ ಕೂತಿದ್ರಿ ಮಾವ. ನಾನು ನಿಮ್ಮ ಎದುರಿಗೇ ಇದ್ದೆ. ಹೇಗೆ ನಿಂತಿದ್ದೆ?"

ಮಾವನ ಹೆಬ್ಬೆರಳು ತನ್ನಷ್ಟಕ್ಕೆ ತಾನು ಹೊಸ ಅಟ್ಟೆಯ ಮೇಲೆ ಓಡಾಡಿತು. ಅಲ್ಲಿ ಇನ್ನೂ ಓದಲು ಏನೂ ಇರಲಿಲ್ಲ.

"ಚೆನ್ನಾಗಿ ನಿಂತಿದ್ದೆ," ಎಂದರು ಕೊನೆಗೆ. "ಈ ಮನೇಲಿ ಯಾರೂ ಹಾಗೆ ನಿಂತಿದ್ದು ನಾನು ನೋಡಿಲ್ಲ. ಅಟ್ಟೆ ಬೇರೆ ಹೇಳಿದಾಗ, ನನ್ನ ಕಣ್ಣಿಗೆ ವಯಸ್ಸಾಯ್ತು ಅಂದ್ಕೊಂಡೆ."

ಗಡಿಯಾರದವನು ಗೋಡೆಯ ಕಡೆ ತಿರುಗಿ ನಿಂತ. ಅವಳು ಮಾವನ ಊದಿದ ಮಂಡಿಯ ಮೇಲೆ ಕೈಯಿಟ್ಟಳು. ಅವರನ್ನು ಕಂಡು ಅವಳಿಗೆ ಅಳುವೇ ಬಂತು; ಆದರೆ ಅಳು ಬೇರೆ, ತನ್ನ ಕಾಲನ್ನು ಮತ್ತೆ ಅಟ್ಟೆಯ ಮಾತಿಗೆ ಒಪ್ಪಿಸುವುದು ಬೇರೆ ಎಂದು ಅವಳಿಗೆ ತಿಳಿದಿತ್ತು. ಈ ಮೆಟ್ಟು ಹಾಕಿದರೆ ಮುಂದಿನ ಮಳೆಗಾಲಕ್ಕೆ ಆ ಜಾಗ ಸಿಗುತ್ತದೆ, ಸಿಕ್ಕೇ ಸಿಗುತ್ತದೆ. ಹಾಕದಿದ್ದರೆ ಮಾವ ಇರುವ ತನಕ ಸಿಗುವುದಿಲ್ಲ. ಮಾವನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ, ಅವರು ಮೆಟ್ಟುಗಳನ್ನು ಎರಡೂ ಕೈಯಲ್ಲಿ ಹಿಡಿದು, ತಾವೇ ಶಿಷ್ಯರೆಂಬಂತೆ ಅವಳ ಮುಂದೆ ಬಾಗಿ ಚಾಚಿದರು.

"ನನಗೋಸ್ಕರ ಹಾಕ್ಕೊಳ್ಳೇ. ನಿನಗೆ ಬೇಡದಿದ್ರೆ ಬೇಡ, ನನಗೆ ಬೇಕು. ಇದೊಂದು ಸಲ ಸರಿಯಾಗಿ ಓದಿ ಹೋಗ್ತೀನಿ."

"ಇಲ್ಲ ಮಾವ," ಎಂದಳು ದೊಡ್ಡವಳು. "ನಾನು ಹಾಕಲ್ಲ."